ಕೂದಲೆಳೆಯಷ್ಟು ಸಂದು

ನೀರೊಳಗಿನ ಫೋಟೋಗ್ರಫಿಯ ಚರಿತ್ರೆ ಶುರುವಾಗುವುದೇ ಒಂದು ಸೋರಿಕೆಯಿಂದ. 1856ರಲ್ಲಿ ಇಂಗ್ಲೆಂಡಿನ ವೇಮೌತ್ ಬಳಿ ವಿಲಿಯಂ ಥಾಂಪ್ಸನ್ ಅನ್ನೋ ವಕೀಲ, ಪೆಟ್ಟಿಗೆಯೊಳಗೆ ಕ್ಯಾಮೆರಾ ಇಟ್ಟು ಸಮುದ್ರಕ್ಕೆ ಇಳಿಬಿಟ್ಟ. ಪೆಟ್ಟಿಗೆಗೆ ನೀರು ನುಗ್ಗಿತು. ಆದರೂ ಗಾಜಿನ ಪ್ಲೇಟಿನ ಮೇಲೆ ಮಸುಕಾದ ಚಿತ್ರವೊಂದು ಉಳಿದುಕೊಂಡಿತು. ಇಂದಿನ ಡಿಜಿಟಲ್ ಕ್ಯಾಮೆರಾಗಳಿಗೆ ಆ ಅದೃಷ್ಟವಿಲ್ಲ. ಉಪ್ಪುನೀರು ಸರ್ಕ್ಯೂಟಿಗೆ ತಾಗಿತೋ, ಕತೆ ಮುಗೀತು.

1893ರಲ್ಲಿ ಫ್ರಾನ್ಸಿನ ಜೀವವಿಜ್ಞಾನಿ ಲೂಯಿ ಬೂಟಾನ್ ತಾಮ್ರದ ಹೌಸಿಂಗ್ ಒಂದನ್ನು ನೀರಿಗಿಳಿಸಿದ. ಅದನ್ನು ರೂಪಿಸಿದ್ದು ಅವನ ಸಹೋದರ ಆಗಸ್ಟ್. ಪೆಟ್ಟಿಗೆಗೆ ಗಾಳಿ ತುಂಬಿದ ರಬ್ಬರ್ ಬಲೂನೊಂದನ್ನು ಜೋಡಿಸಿದ್ದರು. ಆಳಕ್ಕೆ ಇಳಿದಂತೆ ನೀರು ಬಲೂನನ್ನು ಅಮುಕುತ್ತೆ, ಆ ಗಾಳಿ ಪೆಟ್ಟಿಗೆಯೊಳಗೆ ಹೋಗಿ ಒಳಗಿನ ಒತ್ತಡವನ್ನೂ ಏರಿಸುತ್ತೆ. ಎರಡೂ ಕಡೆ ಒತ್ತಡ ಸಮವಾದರೆ ನೀರು ಒಳಗೆ ನುಗ್ಗೋದು ಯಾಕೆ? ಹತ್ತು ಮೀಟರ್ ಆಳದಲ್ಲೇ ಒತ್ತಡ ಮೇಲಿನದರ ಎರಡರಷ್ಟಾಗುತ್ತೆ ಅನ್ನೋದು ನೆನಪಿದ್ದರೆ ಆ ಬಲೂನಿನ ಬೆಲೆ ಗೊತ್ತಾಗುತ್ತೆ.

ನಂತರ ಬಂದವರು ನೀರನ್ನು ತಡೆದು ನಿಲ್ಲಿಸುವ ದಾರಿ ಹಿಡಿದರು. ಅದಕ್ಕೆ ನೆರವಾಗಿದ್ದು ಓ-ರಿಂಗ್. ಡೆನ್ಮಾರ್ಕಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ನೀಲ್ಸ್ ಕ್ರಿಸ್ಟೆನ್ಸನ್‌ಗೆ ಅದರ ಪೇಟೆಂಟ್ ಸಿಕ್ಕಿದ್ದು 1939ರಲ್ಲಿ. 1963ರಲ್ಲಿ ನಿಕಾನ್ ಕಂಪನಿಯ ನಿಕಾನೋಸ್ ಬಂದಾಗ ಪ್ರತ್ಯೇಕ ಹೌಸಿಂಗೇ ಬೇಡವಾಯಿತು, ಕ್ಯಾಮೆರಾದ ಮೈಯೇ ಸೀಲ್ ಆಗಿತ್ತು. 2001ರಲ್ಲಿ ಅದರ ತಯಾರಿಕೆ ನಿಂತಿತು. ಹಳೆಯ ನಿಕಾನೋಸ್ ಇಂದಿಗೂ ಯಾರ ಕೈಯಲ್ಲಾದರೂ ಓಡುತ್ತಿದ್ದರೆ, ಅವರು ರಿಂಗುಗಳನ್ನು ಕಾಲಕಾಲಕ್ಕೆ ಬದಲಾಯಿಸಿದ್ದಾರೆ ಅಂತಲೇ ಅರ್ಥ. ಲೋಹ ಬಾಳುತ್ತೆ, ರಬ್ಬರ್ ಮುಪ್ಪಾಗುತ್ತೆ. ಕುಕ್ಕರ್ ಗ್ಯಾಸ್ಕೆಟ್ ಬದಲಾಯಿಸಿದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಡಲೇ ಇಲ್ಲದ ಬಸವಕಲ್ಯಾಣದ ಕೊಹಿನೂರಿನ ಕಡೆ ಬೋರ್‌ವೆಲ್ಲಿಗೆ ಇಳಿಸುವ ಪಂಪಿನಲ್ಲೂ ಕಾವಲಿಗಿರೋದು ಇಂಥ ಸೀಲುಗಳೇ.

ರಿಂಗನ್ನು ನೋಡಿಕೊಳ್ಳೋದು ಕಷ್ಟವೇನಲ್ಲ. ಡೈವ್ ಮುಗಿದ ಕೂಡಲೇ ಹೌಸಿಂಗನ್ನು ಸಿಹಿನೀರಿನಲ್ಲಿ ನೆನೆಸಿ ಗುಂಡಿಗಳನ್ನೆಲ್ಲ ಒತ್ತಿ ಬಿಡಬೇಕು. ಒಣಗಿದರೆ ಉಪ್ಪು ಹರಳುಗಟ್ಟಿ ಸಂದಿಯಲ್ಲೇ ಕೂರುತ್ತೆ. ರಿಂಗ್ ಬಿಚ್ಚಲು ಚೂಪಾದ ಪಿನ್ನು ಬೇಡ. ಕೂದಲು, ಮರಳು ಒರೆಸಿ, ಹೊಳಪು ಬರುವಷ್ಟು ಮಾತ್ರ ಗ್ರೀಸ್ ಸವರಿ. ನೀರು ತಡೆಯೋದು ಗ್ರೀಸ್ ಅಲ್ಲ, ರಿಂಗು. ಮೆತ್ತಿದಷ್ಟೂ ಧೂಳು ಅಂಟುತ್ತೆ. ಹೌಸಿಂಗಿನ ತಯಾರಕರು ಹೇಳಿದ ಗ್ರೀಸನ್ನೇ ಬಳಸಿ, ಸಿಲಿಕೋನ್ ರಿಂಗಿಗೆ ಸಿಲಿಕೋನ್ ಗ್ರೀಸ್ ಹಚ್ಚಿದರೆ ಅದು ಊದಿಕೊಳ್ಳಬಹುದು. ಮೊದಲ ಸಲ ಕ್ಯಾಮೆರಾ ಇಲ್ಲದೆ ಖಾಲಿ ಹೌಸಿಂಗನ್ನೇ ಮುಳುಗಿಸಿ ನೋಡಿ. ಇನ್ನೊಂದು ಮಾತು: ಆಳದ ಒತ್ತಡ ರಿಂಗನ್ನು ಇನ್ನಷ್ಟು ಬಿಗಿಯಾಗಿ ಕೂರಿಸುತ್ತೆ. ಹಾಗಾಗಿ ಸೋರಿಕೆ ಎಷ್ಟೋ ಸಲ ಕಾಣಿಸಿಕೊಳ್ಳೋದು ಮೇಲುನೀರಿನಲ್ಲೇ.

ಇಷ್ಟೆಲ್ಲ ಯಾಕೆ, ವಿಮೆ ಮಾಡಿಸಿದರಾಯ್ತಲ್ಲ ಅನ್ನಬಹುದು. ವಿಮೆಯಿಂದ ಕ್ಯಾಮೆರಾ ಬರುತ್ತೆ, ದೃಶ್ಯ ಬರಲ್ಲ. ಮುರುಡೇಶ್ವರದಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿ ನೇತ್ರಾಣಿ ದ್ವೀಪವಿದೆ. ಅಮೋಘವರ್ಷ ನಿರ್ದೇಶಿಸಿದ 'ಗಂಧದ ಗುಡಿ'ಗಾಗಿ ಪುನೀತ್ ರಾಜ್‌ಕುಮಾರ್ ಅಲ್ಲಿನ ಕಡಲಿಗೆ ಇಳಿದಿದ್ದರು. 2021ರ ಅಕ್ಟೋಬರ್ 29ರಂದು ಅಪ್ಪು ತೀರಿಕೊಂಡರು. ಚಿತ್ರ ತೆರೆಕಂಡಿದ್ದು ಮರುವರ್ಷ ಅಕ್ಟೋಬರ್ 28ಕ್ಕೆ. ನೀರಿನೊಳಗೆ ಈಜುವ ಅಪ್ಪುವನ್ನು ಥಿಯೇಟರಿನಲ್ಲಿ ನೋಡಿ ಕಣ್ಣು ಒದ್ದೆ ಮಾಡಿಕೊಂಡವರು ಎಷ್ಟು ಜನವೋ. ಅವತ್ತು ರಿಂಗಿನಡಿ ಒಂದು ಕೂದಲು ಸಿಕ್ಕಿಕೊಂಡಿದ್ದರೆ? ಆ ದೃಶ್ಯವನ್ನು ಮತ್ತೆ ತೆಗೆಯಲು ಯಾರಿಂದಲೂ ಆಗುತ್ತಿರಲಿಲ್ಲ. ಡೈವ್‌ಗೆ ಮುಂಚೆ ಬೋಟಿನಲ್ಲಿ ಕೂತು ರಿಂಗ್ ಒರೆಸಿ, ಬೆಳಕಿಗೆ ಹಿಡಿದು ನೋಡಿದವರ ಹೆಸರು ತೆರೆಯ ಮೇಲೆ ನಾವು ಓದುವುದೇ ಇಲ್ಲ.