ಆಹಾರದಲ್ಲಿ ಸಲ್ಫೈಟ್: ಬೆಳಕಿನಿಂದ ಪತ್ತೆ

ಒಣದ್ರಾಕ್ಷಿಯ ಹೊಂಬಣ್ಣ ಮಾಸದಂತೆ ಕಾಯುವುದು ಸಲ್ಫರ್ ಡೈಆಕ್ಸೈಡ್. ವೈನ್‌ಗೂ ಒಣ ಏಪ್ರಿಕಾಟ್‌ಗೂ ಇದೇ ಸಂರಕ್ಷಕ; ಬಿಸ್ಕತ್ತಿನ ಪೊಟ್ಟಣದ ಮೇಲೆ ಕಾಣುವ ‘ಐಎನ್‌ಎಸ್ 223’ ಇದರ ಬಳಗದ ಸೋಡಿಯಂ ಮೆಟಾಬೈಸಲ್ಫೈಟ್. ನೀರಿನಲ್ಲಿ ಇವು ಸಲ್ಫೈಟ್ ಹಾಗೂ ಬೈಸಲ್ಫೈಟ್ ಅಯಾನುಗಳಾಗುತ್ತವೆ. ಹೆಚ್ಚಿನವರಿಗೆ ತೊಂದರೆಯಿಲ್ಲ, ಆದರೆ ಕೆಲವು ಆಸ್ತಮಾ ರೋಗಿಗಳಿಗೆ ಉಸಿರು ಕಟ್ಟುತ್ತದೆ. ಸಾವುಗಳು ವರದಿಯಾದ ಮೇಲೆ ಅಮೆರಿಕ 1986ರಲ್ಲಿ ಹಸಿಯಾಗಿ ತಿನ್ನುವ ಹಣ್ಣು, ತರಕಾರಿಗಳಿಗೆ ಇವನ್ನು ಬಳಸುವುದನ್ನು ನಿಷೇಧಿಸಿತು. ಭಾರತದ 2020ರ ಲೇಬಲ್ ನಿಯಮಗಳ ಪ್ರಕಾರ ಸಲ್ಫೈಟ್ ಕಿಲೋಗೆ 10 ಮಿಲಿಗ್ರಾಂ ಅಥವಾ ಹೆಚ್ಚಿದ್ದರೆ ಪೊಟ್ಟಣದ ಮೇಲೆ ನಮೂದಿಸಬೇಕು.

ಇದನ್ನು ಅಳೆಯುವ ಹಳೆಯ ವಿಧಾನಕ್ಕೆ ಮೋನಿಯರ್-ವಿಲಿಯಮ್ಸ್ ಎಂದು ಹೆಸರು. ಆಹಾರವನ್ನು ಆಮ್ಲದಲ್ಲಿ ಕುದಿಸಿ, ಹೊರಬಂದ ಅನಿಲವನ್ನು ಹೈಡ್ರೋಜನ್ ಪೆರಾಕ್ಸೈಡ್‌ನಲ್ಲಿ ಹಿಡಿದು, ಉಂಟಾದ ಸಲ್ಫ್ಯೂರಿಕ್ ಆಮ್ಲವನ್ನು ಅಳೆಯಲಾಗುತ್ತದೆ. ವಿಧಾನ ನಂಬಲರ್ಹ, ಆದರೆ ನಿಧಾನ. ಬೆಳ್ಳುಳ್ಳಿ, ಎಲೆಕೋಸಿನಂಥವು ತಮ್ಮದೇ ಗಂಧಕದಿಂದ ಇದನ್ನೂ ಏಮಾರಿಸಬಲ್ಲವು. ಜೀವಂತ ಕೋಶವನ್ನಂತೂ ಕುದಿಸಿ ನೋಡುವಂತಿಲ್ಲ.

ಅಲ್ಲಿ ನೆರವಿಗೆ ಬರುವುದು ಪ್ರತಿದೀಪ್ತಿ ಶೋಧಕ, ಅಂದರೆ ಒಂದು ಬಣ್ಣದ ಬೆಳಕನ್ನು ಹೀರಿ ಇನ್ನೊಂದು ಬಣ್ಣದಲ್ಲಿ ಹೊರಸೂಸುವ ಅಣು. ಕೂಮರಿನ್ ಹಾಗೂ ಹೆಮಿಸಯನಿನ್ ಜೋಡಿಸಿದ ಶೋಧಕವನ್ನೇ ನೋಡಿ. ಎರಡರ ನಡುವೆ ಇಂಗಾಲದ ದ್ವಿಬಂಧವೊಂದು ಸೇತುವೆಯಂತಿದ್ದು, ಅಣು ಕೆಂಪಾಗಿ ಹೊಳೆಯುತ್ತದೆ. ಬೈಸಲ್ಫೈಟ್ ಬಂದು ಆ ಬಂಧಕ್ಕೆ ಸೇರಿದೊಡನೆ ಸೇತುವೆ ಕಡಿದು ಕೆಂಪು ಕುಂದುತ್ತದೆ, ನೀಲಿ ಏರುತ್ತದೆ. ಎರಡರ ಅನುಪಾತವನ್ನೇ ಅಳೆಯುವುದರಿಂದ ಶೋಧಕ ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ ಹರಡಿದ್ದರೂ ಲೆಕ್ಕ ಅಷ್ಟಾಗಿ ತಪ್ಪದು.

ಸಲ್ಫೈಟ್ ಹೊರಗಿನಿಂದಷ್ಟೇ ಬರುವುದಿಲ್ಲ. ಸಿಸ್ಟೀನ್, ಮೆಥಿಯೋನಿನ್ ಎಂಬ ಅಮೈನೋ ಆಮ್ಲಗಳು ವಿಭಜನೆಯಾಗುವಾಗ ದೇಹವೇ ಅದನ್ನು ತಯಾರಿಸುತ್ತದೆ. ಮೈಟೋಕಾಂಡ್ರಿಯಾದಲ್ಲಿರುವ ಸಲ್ಫೈಟ್ ಆಕ್ಸಿಡೇಸ್ ಎಂಬ ಕಿಣ್ವ ಅದನ್ನು ನಿರಪಾಯಕಾರಿ ಸಲ್ಫೇಟ್ ಆಗಿಸುತ್ತದೆ. ಹುಟ್ಟಿನಿಂದಲೇ ಈ ಕಿಣ್ವದ ತೀವ್ರ ಕೊರತೆಯಿರುವ ಶಿಶುಗಳಿಗೆ ಸೆಳವು ಬರುತ್ತದೆ, ಮಿದುಳು ಹಾನಿಗೀಡಾಗುತ್ತದೆ. ಧನಾವೇಶವುಳ್ಳ ಶೋಧಕಗಳು ಮೈಟೋಕಾಂಡ್ರಿಯಾದಲ್ಲೇ ಸೇರಿಕೊಳ್ಳುವುದರಿಂದ ಅಲ್ಲಿನ ಏರಿಳಿತವನ್ನು ತೋರಬಲ್ಲವು. ಪಾರದರ್ಶಕ ಮೈಯ ಜೀಬ್ರಾ ಮೀನಿನ ಮರಿಗಳಲ್ಲಿ ಇಂಥ ಪರೀಕ್ಷೆಗಳು ನಡೆದಿವೆ.

ತೊಡಕಿರುವುದು ಸೋಗು ಹಾಕುವ ಅಣುಗಳಲ್ಲಿ. ಕೋಶದಲ್ಲಿ ಹೇರಳವಾಗಿರುವ ಗ್ಲುಟಾಥಯೋನ್, ಜೊತೆಗೆ ಹೈಡ್ರೋಜನ್ ಸಲ್ಫೈಡ್ ಕೂಡ ಅದೇ ಬಂಧಕ್ಕೆ ಕೈಹಾಕಬಲ್ಲವು. ವೈನ್‌ನಲ್ಲಿ ಸಮಸ್ಯೆ ಬೇರೆ: ಸಲ್ಫೈಟ್‌ನ ಒಂದು ಪಾಲು ಅಸಿಟಾಲ್ಡಿಹೈಡ್‌ಗೆ ಅಂಟಿಕೊಂಡಿರುತ್ತದೆ. ಅದನ್ನು ಮೊದಲು ಬಿಡಿಸದಿದ್ದರೆ ಶೋಧಕಕ್ಕೆ ಕಾಣುವುದು ಬಿಡಿಯಾಗಿರುವ ಪಾಲು ಮಾತ್ರ.