ಸಾಮಾನ್ಯ ಅಪವರ್ತನ

ಎರಡು ಅಥವಾ ಹೆಚ್ಚು ಪೂರ್ಣಸಂಖ್ಯೆಗಳನ್ನು ಶೇಷವಿಲ್ಲದೆ ಭಾಗಿಸುವ ಸಂಖ್ಯೆಯೇ ಅವುಗಳ ಸಾಮಾನ್ಯ ಅಪವರ್ತನ. ಇವುಗಳಲ್ಲಿ ಅತಿ ದೊಡ್ಡದು ಮಹತ್ತಮ ಸಾಮಾನ್ಯ ಅಪವರ್ತನ. ಶಾಲೆಯ ಮಕ್ಕಳ ಬಾಯಲ್ಲಿ ‘ಮ.ಸಾ.ಅ.’

252 ಸೆಂ.ಮೀ. ಉದ್ದ, 198 ಸೆಂ.ಮೀ. ಅಗಲದ ಬಚ್ಚಲುಮನೆಗೆ ಒಂದನ್ನೂ ಕತ್ತರಿಸದೆ ಚೌಕ ಟೈಲ್ಸ್ ಹಾಕಬೇಕೆನ್ನಿ. ಎಷ್ಟು ದೊಡ್ಡ ಟೈಲ್ಸ್ ತರಬಹುದು? 252ಕ್ಕೆ 18 ಅಪವರ್ತನಗಳು, 198ಕ್ಕೆ 12. ಎಲ್ಲವನ್ನೂ ಬರೆದು ಹೋಲಿಸಬಹುದು, ಆದರೆ ಬೇಸರದ ಕೆಲಸ. ಕ್ರಿ.ಪೂ. 300ರ ಸುಮಾರಿಗೆ ಯೂಕ್ಲಿಡ್ ‘ಎಲಿಮೆಂಟ್ಸ್’ನ ಏಳನೆಯ ಭಾಗದಲ್ಲಿ ಹೇಳಿದ ದಾರಿ ಇದಕ್ಕಿಂತ ಎಷ್ಟೋ ಸಲೀಸು. 252ನ್ನು 198ರಿಂದ ಭಾಗಿಸಿದರೆ ಶೇಷ 54. 198ನ್ನು 54ರಿಂದ ಭಾಗಿಸಿದರೆ 36. 54ನ್ನು 36ರಿಂದ ಭಾಗಿಸಿದರೆ 18. 36ನ್ನು 18ರಿಂದ ಭಾಗಿಸಿದರೆ ಏನೂ ಉಳಿಯದು. ಹಾಗಾಗಿ ಮ.ಸಾ.ಅ. 18, ಉದ್ದಕ್ಕೆ 14, ಅಗಲಕ್ಕೆ 11, ಒಟ್ಟು 154 ಟೈಲ್ಸ್. ಉಳಿದ ಸಾಮಾನ್ಯ ಅಪವರ್ತನಗಳಿಗೆ ಬೇರೆ ಹುಡುಕಾಟ ಬೇಡ: 18ರ ಅಪವರ್ತನಗಳಾದ 1, 2, 3, 6, 9 ಅವೇ.

ಗುಟ್ಟು ಇಷ್ಟೇ: ಎರಡೂ ಸಂಖ್ಯೆಗಳನ್ನು ಭಾಗಿಸುವುದು ಅವುಗಳ ವ್ಯತ್ಯಾಸವನ್ನೂ ಭಾಗಿಸುತ್ತದೆ.

ಯೂಕ್ಲಿಡ್‌ನ ವಿಧಾನದ ಹಂತಗಳ ಸಂಖ್ಯೆ ಚಿಕ್ಕ ಸಂಖ್ಯೆಯಲ್ಲಿರುವ ಅಂಕಿಗಳ ಸಂಖ್ಯೆಯ ಐದು ಪಟ್ಟನ್ನು ಮೀರದೆಂದು ಫ್ರಾನ್ಸಿನ ಗೇಬ್ರಿಯಲ್ ಲಾಮೆ 1844ರಲ್ಲಿ ಸಾಧಿಸಿದ. ಆರ್ಯಭಟನ ಕುಟ್ಟಕ ವಿಧಾನವೂ (ಕ್ರಿ.ಶ. 499) ಇಂಥದೇ ಸರಣಿ ಭಾಗಾಕಾರ. ರಾಷ್ಟ್ರಕೂಟ ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಮಹತ್ತಮ ಸಾಮಾನ್ಯ ಅಪವರ್ತನದ ಜೋಡಿಯಾದ ಲಘುತ್ತಮ ಸಾಮಾನ್ಯ ಅಪವರ್ತ್ಯವನ್ನು ‘ನಿರುದ್ಧ’ ಎಂದು ಕರೆದು ಭಿನ್ನರಾಶಿಗಳ ಸಂಕಲನಕ್ಕೆ ಬಳಸಿದ.

14, 11ರಂತೆ 1 ಬಿಟ್ಟು ಬೇರೆ ಸಾಮಾನ್ಯ ಅಪವರ್ತನವಿಲ್ಲದ ಜೋಡಿಗೆ ಸಹ-ಅವಿಭಾಜ್ಯಗಳೆಂದು ಹೆಸರು.