ಓಲ್ಡ್ ಬ್ರಿಡ್ಜ್‌ನಿಂದ ಗ್ರೇಟ್ ಅಡ್ವೆಂಚರ್‌ಗೆ ಒಂದು ದಿನ: ಟಿಕೆಟ್‌ಗೆ ಅರ್ಧ ದುಡ್ಡು, ಉಳಿದರ್ಧ ಯಾವುದಕ್ಕೆ?

ಅಣ್ಣ ದುಬೈಯಲ್ಲಿ, ತಂಗಿ ನ್ಯೂಜೆರ್ಸಿಯಲ್ಲಿ, ಅಪ್ಪ-ಅಮ್ಮ ಊರಲ್ಲಿ. ಇಂಥ ಕುಟುಂಬಗಳು ನಮ್ಮವರಲ್ಲಿ ಈಗ ಹೊಸದೇನಲ್ಲ. ಜುಲೈ-ಆಗಸ್ಟ್‌ನಲ್ಲಿ ಗಲ್ಫ್ ಶಾಲೆಗಳಿಗೆ ರಜೆ ಸಿಕ್ಕಾಗ ಅಮೆರಿಕದಲ್ಲಿರುವ ನೆಂಟರ ಮನೆಗೆ ಹೋಗುವವರೂ ಇದ್ದಾರೆ. ನ್ಯೂಜೆರ್ಸಿಯ ಓಲ್ಡ್ ಬ್ರಿಡ್ಜ್ ಕಡೆ ಹೋದರೆ ಮಕ್ಕಳ ಮೊದಲ ಬೇಡಿಕೆ ಒಂದೇ: ಸಿಕ್ಸ್ ಫ್ಲಾಗ್ಸ್ ಗ್ರೇಟ್ ಅಡ್ವೆಂಚರ್.

ಆ ಒಂದು ದಿನದ ಖರ್ಚನ್ನು ಮನೆಯಲ್ಲೇ ಕೂತು ಹೇಗೆ ಲೆಕ್ಕ ಹಾಕುವುದು ಎಂಬುದನ್ನು ಇಲ್ಲಿ ಕೊಟ್ಟಿದ್ದೇನೆ. ಅಬುಧಾಬಿಯ ಫೆರಾರಿ ವರ್ಲ್ಡ್, ರಿಯಾದ್ ಹತ್ತಿರದ ಕಿದ್ದಿಯಾದ ಸಿಕ್ಸ್ ಫ್ಲಾಗ್ಸ್, ಬಿಡದಿಯ ವಂಡರ್‌ಲಾ, ಎಲ್ಲಿಗೆ ಹೋದರೂ ಇದೇ ಪಟ್ಟಿ ಕೆಲಸಕ್ಕೆ ಬರುತ್ತದೆ. ದರ ಮಾತ್ರ ಬದಲಾಗುತ್ತದೆ.

ಮೊದಲು ಜಾಗದ ಪರಿಚಯ

ಗ್ರೇಟ್ ಅಡ್ವೆಂಚರ್ ಇರುವುದು ಓಶನ್ ಕೌಂಟಿಯ ಜಾಕ್ಸನ್ ಎಂಬಲ್ಲಿ. ಶುರುವಾದದ್ದು 1974ರಲ್ಲಿ. ಪಕ್ಕದಲ್ಲೇ ಹರಿಕೇನ್ ಹಾರ್ಬರ್ ಎಂಬ ನೀರಿನ ಪಾರ್ಕ್ (2000ರಿಂದ), ಜೊತೆಗೆ ಪ್ರಾಣಿಗಳ ಸಫಾರಿ. 456 ಅಡಿ ಎತ್ತರದ ಕಿಂಗ್ಡಾ ಕಾ ರೈಡ್ ನೋಡಬೇಕು ಎಂದು ಹಳೇ ವಿಡಿಯೋ ಹಿಡಿದುಕೊಂಡು ಬರುವ ಮಕ್ಕಳಿಗೆ ಮೊದಲೇ ಹೇಳಿಬಿಡಿ: ಅದನ್ನು 2024ರ ನವೆಂಬರ್‌ನಲ್ಲಿ ಮುಚ್ಚಿ, 2025ರ ಫೆಬ್ರವರಿಯಲ್ಲಿ ಕೆಡವಿದ್ದಾರೆ. ನೈಟ್ರೋ, ಎಲ್ ಟೋರೋ ಅಲ್ಲಿನ ಹೆಸರಾಂತ ರೋಲರ್ ಕೋಸ್ಟರ್‌ಗಳು.

ಓಲ್ಡ್ ಬ್ರಿಡ್ಜ್‌ನಿಂದ ದೂರ ಸುಮಾರು 25ರಿಂದ 30 ಮೈಲಿ. ರೂಟ್ 9 ಹಿಡಿದು ಫ್ರೀಹೋಲ್ಡ್‌ಗೆ ಬಂದು, ಅಲ್ಲಿಂದ 537 ರಸ್ತೆಯಲ್ಲಿ ಹೋದರೆ ಟೋಲ್ ಇಲ್ಲ. ಟರ್ನ್‌ಪೈಕ್ ಹಿಡಿದು ಬರುವ ನೆಂಟರು ಟೋಲನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಕಾರಿಲ್ಲದವರು ಟ್ಯಾಕ್ಸಿಯಲ್ಲಿ ಹೋಗುವುದಾದರೆ ಬರುವಾಗಿನ ದರವನ್ನು ಹೋಗುವಾಗಿನದಕ್ಕಿಂತ ಜಾಸ್ತಿಯೇ ಹಿಡಿಯಿರಿ. ಸಂಜೆ ಎಲ್ಲರೂ ಒಟ್ಟಿಗೇ ಹೊರಡುತ್ತಾರೆ.

ತೋರಿಸುವ ಬೆಲೆ, ಕೊಡುವ ಬೆಲೆ

ಗಲ್ಫ್‌ನಿಂದ ಹೋದವರು ಮೊದಲು ಎಡವುವುದು ಇಲ್ಲೇ. ಯುಎಇಯಲ್ಲಿ ಶೇ. 5ರ ವ್ಯಾಟ್ ಬೆಲೆಯೊಳಗೇ ಸೇರಿರಬೇಕು ಎಂಬ ನಿಯಮವಿದೆ. ಚೀಟಿಯಲ್ಲಿ 100 ದಿರ್ಹಮ್ ಎಂದಿದ್ದರೆ 100 ಕೊಟ್ಟು ಬರುತ್ತೀರಿ. ಅಮೆರಿಕದಲ್ಲಿ ಹಾಗಲ್ಲ. ನ್ಯೂಜೆರ್ಸಿಯ ಸೇಲ್ಸ್ ಟ್ಯಾಕ್ಸ್ ಶೇ. 6.625. ಪಾರ್ಕ್ ಟಿಕೆಟ್‌ಗೂ, ಬೇಯಿಸಿ ಕೊಡುವ ಊಟಕ್ಕೂ ಅದು ಬೀಳುತ್ತದೆ, ಅದೂ ಬಿಲ್ ಮಾಡುವಾಗ. ಮಾಮೂಲಿ ಬಟ್ಟೆಗೆ ಆ ರಾಜ್ಯದಲ್ಲಿ ಟ್ಯಾಕ್ಸ್ ಇಲ್ಲ, ಆಟಿಕೆಗೆ ಇದೆ.

ಆನ್‌ಲೈನ್ ಬುಕಿಂಗ್‌ನಲ್ಲಿ ಸೇವಾ ಶುಲ್ಕ ಎಂದು ಇನ್ನೊಂದು ಸಾಲು ಸೇರಬಹುದು. ಆದ್ದರಿಂದ ದೊಡ್ಡಕ್ಷರದ ಜಾಹೀರಾತಿನ ದರವನ್ನು ಡೈರಿಯಲ್ಲಿ ಬರೆಯಬೇಡಿ. ಕಾರ್ಡ್ ನಂಬರ್ ಹಾಕುವ ಕೊನೆಯ ಪುಟದವರೆಗೆ ಹೋಗಿ, ಅಲ್ಲಿ ಕಾಣುವ ಒಟ್ಟು ಮೊತ್ತವನ್ನು ಬರೆದುಕೊಳ್ಳಿ. ಅದೇ ನಿಜವಾದ ದರ. ದರ ದಿನದಿಂದ ದಿನಕ್ಕೆ ಬೇರೆ ಇರುತ್ತದೆ. ಸಾಮಾನ್ಯವಾಗಿ ಶನಿವಾರಕ್ಕಿಂತ ವಾರದ ಮಧ್ಯದ ದಿನ ಅಗ್ಗ, ಗೇಟಿಗಿಂತ ಆನ್‌ಲೈನ್ ಅಗ್ಗ. ಸಫಾರಿ ಮತ್ತು ನೀರಿನ ಪಾರ್ಕ್ ಅದೇ ಟಿಕೆಟ್‌ನಲ್ಲಿ ಇದೆಯೋ, ಬೇರೆಯೋ ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ.

ಐದು ಜನರ ಮಾದರಿ ಲೆಕ್ಕ

ಗಂಡ, ಹೆಂಡತಿ, 11 ಮತ್ತು 5 ವರ್ಷದ ಇಬ್ಬರು ಮಕ್ಕಳು, ಊರಿಂದ ಬಂದ ಅಮ್ಮ. ಕೆಳಗಿನ ಅಂಕಿಗಳು ಲೆಕ್ಕ ತಿಳಿಯಲು ಹಾಕಿದ ಮಾದರಿ ಅಷ್ಟೇ. ನೀವು ಹೋಗುವ ದಿನದ ದರವನ್ನು ಅದೇ ಜಾಗಕ್ಕೆ ಹಾಕಿಕೊಳ್ಳಿ.

– ಟಿಕೆಟ್, 50 ಡಾಲರ್‌ನಂತೆ 5: 250.00
– ಟಿಕೆಟ್ ಮೇಲಿನ ಟ್ಯಾಕ್ಸ್ ಶೇ. 6.625: 16.56
– ಆನ್‌ಲೈನ್ ಸೇವಾ ಶುಲ್ಕ: 10.00
– ಪಾರ್ಕಿಂಗ್: 40.00
– ಒಳಗೆ ಮಧ್ಯಾಹ್ನದ ಊಟ, ತಲೆಗೆ 20: 100.00
– ನೀರು, ಜ್ಯೂಸ್, ಐಸ್‌ಕ್ರೀಂ: 30.00
– ಪೆಟ್ರೋಲ್, ಹೋಗಿ ಬರಲು: 8.00
– ಲಾಕರ್: 15.00
– ಆಟಿಕೆ, ಫೋಟೋ: 25.00
– ಒಟ್ಟು: 494.56 ಡಾಲರ್

ಅಂದರೆ ಸುಮಾರು 1,816 ದಿರ್ಹಮ್ ಅಥವಾ 1,855 ಸೌದಿ ರಿಯಾಲ್. ಇದರಲ್ಲಿ ಟಿಕೆಟ್ ಬೆಲೆ 250, ಹೆಚ್ಚುಕಡಿಮೆ ಅರ್ಧ. ನಾವು ವಾರಗಟ್ಟಲೆ ಚೌಕಾಸಿ ಮಾಡುವುದು, ಕೂಪನ್ ಹುಡುಕುವುದು ಎಲ್ಲಾ ಈ ಅರ್ಧಕ್ಕೆ. ಉಳಿದರ್ಧ ಅಲ್ಲಿ ಬಿಸಿಲಲ್ಲಿ ನಿಂತಾಗ, ಮಕ್ಕಳು ಹಸಿವು ಅಂದಾಗ, ಯೋಚನೆ ಮಾಡದೆ ಹೋಗುತ್ತದೆ.

ಇನ್ನೊಂದು ರೀತಿಯಲ್ಲೂ ನೋಡಿ. 2025ರಲ್ಲಿ ನ್ಯೂಜೆರ್ಸಿಯ ಸಾಮಾನ್ಯ ಕನಿಷ್ಠ ಕೂಲಿ ಗಂಟೆಗೆ 15.49 ಡಾಲರ್. ಆ ಕೂಲಿಯಲ್ಲಿ ಅಂಗಡಿಯಲ್ಲೋ, ಪೆಟ್ರೋಲ್ ಬಂಕಿನಲ್ಲೋ ದುಡಿಯುವವರಿಗೆ ಈ ಒಂದು ದಿನ ಎಂದರೆ 32 ಗಂಟೆಯ ಡ್ಯೂಟಿ, ಅದೂ ಟ್ಯಾಕ್ಸ್ ಕಡಿತಕ್ಕೆ ಮೊದಲಿನ ಸಂಬಳದಲ್ಲಿ. ನಾಲ್ಕು ದಿನ ದುಡಿದದ್ದು ಒಂದು ದಿನದಲ್ಲಿ ಮುಗಿಯುತ್ತದೆ. ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಮಕ್ಕಳ ಸಂತೋಷಕ್ಕೂ ದುಡಿಯುವುದೇ ನಾವು. ಆದರೆ ಎಷ್ಟು ಹೋಗುತ್ತದೆ ಎಂಬುದು ಹೋಗುವ ಮೊದಲೇ ಗೊತ್ತಿರಲಿ.

ಕಡಿಮೆ ಮಾಡುವುದು ಎಲ್ಲಿ?

ಮೊದಲು ಊಟ. ಸಿಕ್ಸ್ ಫ್ಲಾಗ್ಸ್ ಪಾರ್ಕ್‌ಗಳಲ್ಲಿ ಹೊರಗಿನ ಊಟ ಒಳಗೆ ಬಿಡುವುದಿಲ್ಲ. ಮಗುವಿನ ಆಹಾರ, ಆರೋಗ್ಯದ ಕಾರಣದ ಪಥ್ಯ ಇಂಥವಕ್ಕೆ ವಿನಾಯಿತಿ ಇದೆ. ಹಾಗಾಗಿ ಬೆಳಿಗ್ಗೆ ಮನೆಯಲ್ಲೇ ಹೊಟ್ಟೆ ತುಂಬಾ ತಿಂಡಿ ತಿಂದು ಹೊರಡಿ. ಚಿತ್ರಾನ್ನ, ಪುಳಿಯೋಗರೆ, ಚಪಾತಿ-ಪಲ್ಯ ಕಾರಿನಲ್ಲಿರಲಿ. ಮಧ್ಯಾಹ್ನ ಹೊರಗೆ ಬಂದು ತಿನ್ನುವುದಾದರೆ ವಾಪಸ್ ಒಳಗೆ ಬಿಡುತ್ತಾರಾ ಎಂದು ಗೇಟಿನಲ್ಲಿ ಕೇಳಿಕೊಂಡೇ ಹೊರಬನ್ನಿ. ಮೊಸರನ್ನ ಬೇಡ, ಬೇಸಿಗೆಯಲ್ಲಿ ನಿಂತ ಕಾರಿನೊಳಗೆ ಹುಳಿಯಾಗಿಬಿಡುತ್ತದೆ.

ಎರಡನೆಯದು ಮಕ್ಕಳ ಕೈಖರ್ಚು. ಪ್ರತಿ ಅಂಗಡಿ ಮುಂದೆ ಬೇಕು-ಬೇಡ ಜಗಳಕ್ಕಿಂತ ಬೆಳಿಗ್ಗೆಯೇ ತಲಾ 10 ಡಾಲರ್ ನಿಮ್ಮದು ಎಂದು ಹೇಳಿಬಿಡಿ. ಇಡೀ ದಿನಕ್ಕೆ ಅಷ್ಟೇ. ಏನು ತೆಗೆದುಕೊಳ್ಳಬೇಕು ಅನ್ನೋದು ಅವರ ಲೆಕ್ಕ. ಹತ್ತು ವರ್ಷದ ಮಗು ಆ ಹತ್ತು ಡಾಲರನ್ನು ನಮಗಿಂತ ಹುಷಾರಾಗಿ ಖರ್ಚು ಮಾಡುತ್ತದೆ.

ಮೂರನೆಯದು ಲಾಕರ್. ಎರಡು ಬ್ಯಾಗಿನ ಸಾಮಾನು ಕಾರಿನಲ್ಲೇ ಬಿಟ್ಟು ಒಂದೇ ಚಿಕ್ಕ ಬ್ಯಾಗ್ ಒಯ್ದು, ರೈಡ್ ಹತ್ತದ ಒಬ್ಬರು ಅದನ್ನು ಹಿಡಿದುಕೊಂಡರೆ ಲಾಕರ್ ಬೇಕಾಗುವುದಿಲ್ಲ.

ಈ ಮೂರನ್ನು ಮಾಡಿದರೆ ಮೇಲಿನ ಪಟ್ಟಿ ಹೀಗಾಗುತ್ತದೆ: ಟಿಕೆಟ್, ಟ್ಯಾಕ್ಸ್, ಶುಲ್ಕ ಸೇರಿ 276.56, ಪಾರ್ಕಿಂಗ್ 40, ಒಳಗಿನ ತಿಂಡಿ-ಪಾನೀಯ 40, ಪೆಟ್ರೋಲ್ 8, ಮಕ್ಕಳ ಕೈಖರ್ಚು 20. ಒಟ್ಟು 384.56. ಅದೇ ಪಾರ್ಕ್, ಅದೇ ರೈಡ್, 110 ಡಾಲರ್ ಕಡಿಮೆ. ಕನಿಷ್ಠ ಕೂಲಿಯಲ್ಲಿ ಏಳು ಗಂಟೆಯ ದುಡಿಮೆ ಉಳಿಯಿತು.

ಎತ್ತರ ಅಳೆಯಿರಿ, ಅಮ್ಮನನ್ನು ಕೇಳಿ

ದೊಡ್ಡ ರೈಡ್‌ಗಳಿಗೆ ವಯಸ್ಸಲ್ಲ, ಎತ್ತರ ಮುಖ್ಯ. ನೈಟ್ರೋಗೆ 54 ಇಂಚು (137 ಸೆಂ.ಮೀ.), ಎಲ್ ಟೋರೋಗೆ 48 ಇಂಚು (122 ಸೆಂ.ಮೀ.) ಬೇಕು. ಮನೆಯ ಗೋಡೆಗೆ ನಿಲ್ಲಿಸಿ ಟೇಪ್ ಹಿಡಿಯಿರಿ. ಸಾಲಿನಲ್ಲಿ ಒಂದು ಗಂಟೆ ಕಾದು ಒಂದು ಇಂಚು ಕಡಿಮೆ ಅನ್ನಿಸಿಕೊಂಡರೆ ಮಗುವಿನ ದಿನವೇ ಹಾಳು. ಆ ಎತ್ತರಕ್ಕೆ ಇನ್ನೂ ಬಾರದ ಮಗುವಿಗೆ ಚಿಕ್ಕ ರೈಡ್‌ಗಳಿವೆ, ಆದರೆ ಅವಷ್ಟಕ್ಕೇ ಪೂರ್ತಿ ಟಿಕೆಟ್ ಕೊಡಬೇಕಾ ಎಂದು ಯೋಚಿಸಿ. 2 ವರ್ಷದೊಳಗಿನ ಮಗುವಿಗೆ ಟಿಕೆಟ್ ಇಲ್ಲ.

ಇನ್ನು ಊರಿಂದ ಬಂದ ಹಿರಿಯರು. ಅವರು ಯಾವ ರೈಡನ್ನೂ ಹತ್ತುವುದಿಲ್ಲ, ಬೆಂಚಿನ ಮೇಲೆ ಬ್ಯಾಗ್ ಕಾಯುತ್ತಾ ಕೂರುತ್ತಾರೆ, ಟಿಕೆಟ್ ಮಾತ್ರ ಎಲ್ಲರಷ್ಟೇ. ಅಮ್ಮನನ್ನು ಮನೆಯಲ್ಲಿ ಬಿಟ್ಟು ಹೋಗಿ ಎನ್ನುವ ಮಾತಲ್ಲ ಇದು. "ಅಮ್ಮ, ನಿನಗೆ ಯಾವುದು ಇಷ್ಟ?" ಎಂದು ಒಮ್ಮೆ ಕೇಳಿ ಅಂತ. ಬಿಸಿಲಲ್ಲಿ ಎಂಟು ಗಂಟೆ ನಡೆಯುವುದು ಮಂಡಿನೋವಿನವರಿಗೆ ಶಿಕ್ಷೆ. ಬಿಪಿ, ಹೃದಯದ ತೊಂದರೆ ಇದ್ದವರಿಗೆ ರೈಡ್ ಬಾಗಿಲಲ್ಲೇ ಎಚ್ಚರಿಕೆಯ ಬೋರ್ಡ್ ಇರುತ್ತದೆ, ಓದಿ ಹೇಳಿ. ಅವರ ಇನ್ಶೂರೆನ್ಸ್ ಕಾಗದ ಜೊತೆಗಿರಲಿ.

ಹಿರಿಯರಿಗಾಗಿಯೇ ಇನ್ನೊಂದು ದಿನ ಇಟ್ಟುಕೊಳ್ಳಬಹುದು. ಓಲ್ಡ್ ಬ್ರಿಡ್ಜ್‌ಗೆ ಹತ್ತಿರ, ಕಡಲ ಬದಿಯಲ್ಲಿ ಕೀನ್ಸ್‌ಬರ್ಗ್ ಅಮ್ಯೂಸ್‌ಮೆಂಟ್ ಪಾರ್ಕ್ ಇದೆ. 1904ರಷ್ಟು ಹಳೆಯದು. ಒಳಗೆ ಹೋಗಲು ದುಡ್ಡಿಲ್ಲ, ಹತ್ತಿದ ರೈಡ್‌ಗೆ ಮಾತ್ರ ಕೊಟ್ಟರಾಯಿತು. ನಮ್ಮೂರ ಜಾತ್ರೆಯ ತೊಟ್ಟಿಲ ಥರ. ಅಮ್ಮ ಗಾಳಿಗೆ ಕೂತಿರಬಹುದು, ಮೊಮ್ಮಕ್ಕಳು ಆಡಬಹುದು. ಚೀಸ್‌ಕ್ವೇಕ್ ಸ್ಟೇಟ್ ಪಾರ್ಕ್ ಇನ್ನೂ ಹತ್ತಿರ. ಅಲ್ಲಿ ಬುತ್ತಿ ಕಟ್ಟಿಕೊಂಡು ಹೋಗಬಹುದು. ಬೇಸಿಗೆಯಲ್ಲಿ ಶುಲ್ಕವಿದ್ದರೂ ಅದು ತಲೆಗಲ್ಲ, ಕಾರಿಗೆ.

ಸೀಸನ್ ಪಾಸ್ ಲಾಭವೇ?

ಓಲ್ಡ್ ಬ್ರಿಡ್ಜ್‌ನಲ್ಲೇ ಇರುವವರು ಕೇಳುವ ಪ್ರಶ್ನೆ ಇದು. ಪಾರ್ಕಿಂಗ್ ಸೇರಿದ ಪಾಸ್ ತಲೆಗೆ 100 ಡಾಲರ್ ಎಂದಿಟ್ಟುಕೊಳ್ಳಿ, ಟ್ಯಾಕ್ಸ್ ಸೇರಿ 106.63. ಒಂದು ದಿನದ ಟಿಕೆಟ್, ಟ್ಯಾಕ್ಸ್, ಶುಲ್ಕ, ಪಾರ್ಕಿಂಗ್ ಪಾಲು ಎಲ್ಲಾ ಸೇರಿ ತಲೆಗೆ ಸುಮಾರು 63.30. ಎರಡು ಸಲ ಹೋದರೆ 126.60. ಅಂದರೆ ಎರಡನೇ ಸಲಕ್ಕೇ ಪಾಸ್ ದುಡ್ಡು ಬಂತು.

ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. "ಪಾಸ್ ಇದೆ, ಹೋಗೋಣ" ಎಂದು ಹೋಗುವ ಪ್ರತಿ ಸಲವೂ ತಿಂಡಿ, ಪೆಟ್ರೋಲ್, ಕೈಖರ್ಚು ಎಂದು 68 ಡಾಲರ್ ಹೋಗುತ್ತದೆ, ಅದೂ ಬಿಗಿ ಹಿಡಿದರೆ. ಐದು ಸಲ ಹೋದರೆ 340. ಪಾಸ್ ಟಿಕೆಟನ್ನು ಅಗ್ಗ ಮಾಡುತ್ತದೆ, ದಿನವನ್ನು ಫ್ರೀ ಮಾಡುವುದಿಲ್ಲ. ತಿಂಗಳ ಕಂತಿನ ಪಾಸ್ ಆದರೆ ವರ್ಷ ಮುಗಿದ ಮೇಲೂ ತಾನಾಗಿ ಮುಂದುವರಿಯುತ್ತದೆಯಾ ಎಂದು ಷರತ್ತು ಓದಿ. ಮೂರು ವಾರದ ರಜೆಗೆ ಬಂದವರಿಗೆ ಕಂತಿನ ಪಾಸ್ ಬೇಡವೇ ಬೇಡ.

ನಾಲ್ಕು ಜನ ಸೇರಿ ಹೋದಾಗ

ಗೆಳೆತನ ಕೆಡುವುದು ದೊಡ್ಡ ದುಡ್ಡಿಗಲ್ಲ, ಇಂಥ ಚಿಲ್ಲರೆಗೆ. ಎರಡು ಕುಟುಂಬ, ಒಬ್ಬ ಬ್ಯಾಚುಲರ್ ಒಂದೇ ವ್ಯಾನಿನಲ್ಲಿ ಹೋದರು ಎನ್ನಿ. ಮೊದಲ ಮನೆಯಲ್ಲಿ 4 ಜನ, ಎರಡನೇ ಮನೆಯಲ್ಲಿ 3, ಬ್ಯಾಚುಲರ್ 1. ಟಿಕೆಟ್ ಅವರವರದು. ಪಾರ್ಕಿಂಗ್, ಪೆಟ್ರೋಲ್, ತಿಂಡಿಯ ಸಾಮಾನ್ಯ ಖರ್ಚು 160 ಡಾಲರ್. ಮನೆ ಲೆಕ್ಕದಲ್ಲಿ ಮೂರು ಪಾಲು ಮಾಡಿದರೆ ತಲಾ 53.33. ಒಬ್ಬನೇ ಬಂದವನು 53 ಕೊಟ್ಟ, ನಾಲ್ವರು ಬಂದವರೂ 53 ಕೊಟ್ಟರು. ಅವನು ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಮುಂದಿನ ಸಲ ಬರುವುದಿಲ್ಲ, ಅಷ್ಟೇ. ತಲೆ ಲೆಕ್ಕದಲ್ಲಿ 20ರಂತೆ ಹಾಕಿದರೆ 80, 60, 20. ಗಲ್ಫ್‌ನ ರೂಮಿನಲ್ಲಿ ಮೆಸ್ ಲೆಕ್ಕ ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ.

ನಿಯಮ ಮೂರೇ: ಹೊರಡುವ ಮೊದಲೇ ಪಾಲು ಹೇಗೆಂದು ಮಾತಾಡಿ, ಮುಂಗಡ ಒಬ್ಬರ ಕೈಗೆ ಕೊಡಿ, ರಾತ್ರಿ ಮಲಗುವ ಮೊದಲು ಲೆಕ್ಕ ಗ್ರೂಪಿಗೆ ಹಾಕಿ.

ದುಡ್ಡು ಎಲ್ಲಿಂದ?

ಕ್ರೆಡಿಟ್ ಕಾರ್ಡ್‌ನಲ್ಲಿ ಹೋಗಿ ಆಮೇಲೆ ನೋಡೋಣ ಎನ್ನುವುದು ಬೇಡ. ಅಮೆರಿಕದ ಕಾರ್ಡ್‌ಗಳಲ್ಲಿ ವರ್ಷಕ್ಕೆ ಶೇ. 20ಕ್ಕಿಂತ ಹೆಚ್ಚು ಬಡ್ಡಿ ಮಾಮೂಲು. ಶೇ. 24 ಎಂದರೆ 495 ಡಾಲರ್ ಬಾಕಿಗೆ ತಿಂಗಳಿಗೆ ಸುಮಾರು 10 ಡಾಲರ್ ಬಡ್ಡಿ. ಬದಲಿಗೆ 385 ಡಾಲರ್ ಬಜೆಟ್‌ಗೆ ಶೇ. 10ರಷ್ಟು, ಅಂದರೆ ಸುಮಾರು 40, ಆಕಸ್ಮಿಕಕ್ಕೆಂದು ಸೇರಿಸಿ 425 ಮಾಡಿ. ಜುಲೈಯಲ್ಲಿ ಹೋಗುವುದಾದರೆ ಜನವರಿಯಿಂದ ಜೂನ್‌ವರೆಗೆ ತಿಂಗಳಿಗೆ 71 ಡಾಲರ್ ಎತ್ತಿಟ್ಟರೆ ಸಾಕು. ಊರಿಗೆ ಕಳಿಸುವ ದುಡ್ಡಿಗೆ ಕೈ ಹಾಕುವ ಪ್ರಸಂಗವೇ ಬರುವುದಿಲ್ಲ.

ಗಲ್ಫ್‌ನಿಂದ ಹೋಗುವವರಿಗೆ ಒಂದು ಮಾತು. ದಿರ್ಹಮ್, ಸೌದಿ ರಿಯಾಲ್ ಎರಡೂ ಡಾಲರ್‌ಗೆ ಕಟ್ಟಿಹಾಕಿದ ಹಣ. ದರ ಏರಿಳಿಯುವ ಭಯವಿಲ್ಲ. ಆದರೆ ನಿಮ್ಮ ಬ್ಯಾಂಕ್ ಕಾರ್ಡ್ ಹೊರದೇಶದಲ್ಲಿ ಉಜ್ಜಿದಾಗ ಪ್ರತಿ ಸಲ ಶುಲ್ಕ ಹಾಕಬಹುದು. ಹೊರಡುವ ಮೊದಲು ಬ್ಯಾಂಕಿಗೆ ಕೇಳಿ, ಅದನ್ನೂ ಪಟ್ಟಿಯಲ್ಲಿ ಬರೆಯಿರಿ.

ಹೊರಡುವ ಹಿಂದಿನ ರಾತ್ರಿ ಐದು ವಿಷಯ ನೋಡಿ: ಪಾರ್ಕ್ ಅಂದು ತೆರೆದಿದೆಯೇ, ಮಳೆ ಇದೆಯೇ, ಟಿಕೆಟ್ ಫೋನಿನಲ್ಲಿದೆಯೇ, ಬುತ್ತಿ ಸಿದ್ಧವೇ, ಕೈಖರ್ಚು ಬೇರೆ ಇಟ್ಟಿದ್ದೀರಾ. ತಾರೀಕು ಹಾಕಿದ ಟಿಕೆಟ್‌ಗೆ ಮಳೆ ಬಂದರೂ ದುಡ್ಡು ವಾಪಸ್ ಸಿಗುವುದು ಕಷ್ಟ. ಆದ್ದರಿಂದ ಹವಾಮಾನ ನೋಡಿ ಎರಡು-ಮೂರು ದಿನ ಮೊದಲು ಬುಕ್ ಮಾಡುವುದೇ ಒಳ್ಳೆಯದು.